ಮೋರಿ ಹುಡುಕಿಕೊಂಡು ಹೋದ ದಿನ

ನಕ್ಷೆಯಲ್ಲಿ ನೋಡಿದರೆ ಕೆಲಸ ಸುಲಭ. ಕೆಳಗೆ ಚಿತ್ರದುರ್ಗದ ಜೋಗಿಮಟ್ಟಿ, ಮೇಲೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ. ಎರಡೂ ವನ್ಯಧಾಮ. ನಡುವೆ ಹಸಿರು ಪಟ್ಟಿ ಎಳೆದರೆ ಕಾರಿಡಾರ್, ಅಂದರೆ ಒಂದು ಕಾಡಿನಿಂದ ಇನ್ನೊಂದಕ್ಕೆ ಪ್ರಾಣಿಗಳು ಓಡಾಡುವ ದಾರಿ, ರೆಡಿ! ಆ ಪಟ್ಟಿಯ ಒಂದು ತುಂಡನ್ನು ನಡೆದು ನೋಡೋಣ ಅಂತ ಕಳೆದ ಚಳಿಗಾಲದಲ್ಲಿ ಗೆಳೆಯರ ಜೊತೆ ಹೊರಟೆ. ದಾರಿ ತೋರಿಸಲು ಕುರಿ ಕಾಯುವ ಅಜ್ಜ ಬಂದಿದ್ದರು.

ಪಟ್ಟಿ ಮೊದಲು ಹೋಗಿ ನಿಂತಿದ್ದೇ ಒಂದು ಅಡಿಕೆ ತೋಟದಲ್ಲಿ. "ಇಲ್ಲೇನ್ ಬರ್ತವೆ ಸಾರ್? ಸುತ್ತ ಝಟ್ಕಾ ಬೇಲಿ ಐತೆ. ಹಳ್ಳ ಹಿಡ್ಕಂಡು ಬರ್ರಿ" ಅಂದರು ಅಜ್ಜ.

ಹಳ್ಳದಲ್ಲಿ ನೀರಿರಲಿಲ್ಲ. ಆದರೆ ಬಳ್ಳಾರಿ ಜಾಲಿ, ಲಕ್ಕಿ, ಕಾರೆ ಎಲ್ಲ ಮರೆಯಾಗಿ ನಿಂತಿದ್ದವು. ಅಲ್ಲಲ್ಲಿ ಕರಡಿ ಕೆದರಿದ ಹುತ್ತ. ಅದರ ಲದ್ದಿ ತುಂಬ ಬೋರೆ ಬೀಜ. ಹೊಲಗಳ ನಡುವೆಯೇ ಇಷ್ಟು ಓಡಾಟ ಇರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಮುಂದೆ ಹೆದ್ದಾರಿ 48. ಮೇಲೆ ಲಾರಿಗಳ ಸಾಲು, ಕೆಳಗೆ ಮಳೆನೀರಿಗೆ ಬಿಟ್ಟ ಮೋರಿಗಳು. ಒಂದರ ಬಾಯಲ್ಲಿ ಯಾವುದೋ ಹೋಟೆಲಿನ ಪ್ಲಾಸ್ಟಿಕ್ ರಾಶಿ. ಇನ್ನೊಂದು ಬಗ್ಗಿ ದಾಟುವಷ್ಟು ಎತ್ತರವಿತ್ತು. ಅದರೊಳಗಿನ ಮೆತ್ತನೆ ಮಣ್ಣಿನಲ್ಲಿ ಉಗುರು ಸಮೇತ ಕರಡಿ ಹೆಜ್ಜೆ. ಮಧ್ಯಪ್ರದೇಶ-ಮಹಾರಾಷ್ಟ್ರ ಗಡಿಯ ಪೆಂಚ್ ಕಾಡಿನಲ್ಲಿ ಹೆದ್ದಾರಿ 44ರ ಕೆಳಗೆ ಪ್ರಾಣಿಗಳಿಗೆಂದೇ 9 ಕಡೆ ದಾರಿ ಬಿಟ್ಟಿದ್ದಾರೆ, ದೊಡ್ಡದು 750 ಮೀಟರ್ ಇದೆ. ಹುಲಿಗಳು ಅಲ್ಲಿ ದಾಟುವುದು ಕ್ಯಾಮೆರಾದಲ್ಲಿ ಸಿಕ್ಕಿದೆ. ನಮ್ಮಲ್ಲಿ ಹುಲಿ ಇಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಇರುವ ಮೋರಿ ಚೊಕ್ಕಟ ಮಾಡಿದರೂ ಸದ್ಯಕ್ಕೆ ಸಾಕು.

ಕರಡಿಯೇನೋ ರಾತ್ರೋರಾತ್ರಿ ದಾಟಿಬಿಡುತ್ತದೆ. ಕೊಂಡುಕುರಿ ಹಾಗಲ್ಲ. ಗಂಡಿಗೆ ನಾಲ್ಕು ಕೊಂಬಿರುವ ಈ ಪುಟ್ಟ ಪ್ರಾಣಿಗಾಗಿಯೇ 2011ರಲ್ಲಿ ರಂಗಯ್ಯನದುರ್ಗ ವನ್ಯಧಾಮವಾಯಿತು. ಅದು ತನ್ನ ಚಿಕ್ಕ ಜಾಗ ಬಿಟ್ಟು ದೂರ ಹೋಗುವುದು ಕಡಿಮೆ. ಅದರ ಸಂತತಿ ಈ ಕಡೆ ಬರಬೇಕಾದರೆ ದಾರಿಯುದ್ದಕ್ಕೂ ಬದುಕಲು ಜಾಗ ಬೇಕು. ಹುಲ್ಲು, ಕುರುಚಲು ಪೊದೆ ಇದ್ದರೆ ಅದಕ್ಕೆ ಆಯ್ತು. ಕಾರಿಡಾರ್ ಅಂದ ಕೂಡಲೇ ಗುಂಡಿ ತೋಡಿ ಸಸಿ ನೆಡಲು ಹೊರಡುತ್ತೇವೆ ಅಲ್ವಾ, ಈ ಬಯಲು ಸೀಮೆಯಲ್ಲಿ ಅದೇ ದೊಡ್ಡ ಕಾಟ. ಹುಲ್ಲುಗಾವಲನ್ನು ಸುಮ್ನೆ ಬಿಟ್ಟರೆ ಕುರಿಗೂ ಆಯ್ತು, ಕೊಂಡುಕುರಿಗೂ ಆಯ್ತು.

ಹಳ್ಳದ ದಂಡೆಯ ರೈತರೊಬ್ಬರು ನಮ್ಮ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ದಂಡೇಲಿ ಎರಡು ಸಾಲು ಉಳದೆ ಬಿಡ್ತೀನಿ, ಅದೇನ್ ದೊಡ್ಡದಲ್ಲ. ಕರಡಿ ಶೇಂಗಾ ಕಿತ್ರೆ ಪರಿಹಾರಕ್ಕೆ ಎಷ್ಟು ಸಲ ಅಲೀಬೇಕು, ಅದನ್ನ ಹೇಳ್ರಿ." ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪರಿಹಾರದ ಅರ್ಜಿ ತುಂಬಲು ಊರಿನಲ್ಲೇ ಒಬ್ಬ ಓದಿದ ಹುಡುಗ ಸಿಗಬಹುದಾ ಅಂತ ಕೇಳಿದೆವು. ಅವರು ಮಗನನ್ನು ಕೂಗಿದರು.