ಸೊನ್ನೆ ಮುಟ್ಟದ ಗೆರೆ

ಏಪ್ರಿಲ್ 21, ಸೋಮವಾರ

ಥಿಯರಿ ಪರೀಕ್ಷೆಗೆ ಇನ್ನು ಹದಿನಾಲ್ಕು ದಿನ. ಲ್ಯಾಬ್ ರೆಕಾರ್ಡ್ ಒಪ್ಪಿಸೋಕೆ ಐದೇ ದಿನ. ಇವೆರಡನ್ನೂ ಒಟ್ಟಿಗೆ ಯೋಚಿಸಿದರೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತೆ, ಅದಕ್ಕೆ ಒಂದೊಂದಾಗಿ ಯೋಚಿಸುತ್ತಿದ್ದೇನೆ.

ಇವತ್ತು ಎಲ್ಲಾ ನೋಟ್‌ಬುಕ್ಕುಗಳನ್ನೂ ಹಾಸಿಗೆ ಮೇಲೆ ಹರಡಿಕೊಂಡು ಕೂತೆ. ಸೆಮಿಸ್ಟರ್ ಶುರುವಿನ ಪುಟಗಳು ಮದುವೆ ಕರೆಯೋಲೆ ಥರ ಇವೆ. ಶೀರ್ಷಿಕೆಗೆ ನೀಲಿ, ಉಪಶೀರ್ಷಿಕೆಗೆ ಹಸಿರು, ಸ್ಕೇಲ್ ಇಟ್ಟು ಎಳೆದ ಅಂಚು. ನಲವತ್ತನೇ ಪುಟದ ಹೊತ್ತಿಗೆ ಹಸಿರು ಪೆನ್ನು ನಾಪತ್ತೆ. ಅರವತ್ತರ ಹೊತ್ತಿಗೆ ಸ್ಕೇಲೂ ಇಲ್ಲ. ಕೊನೆಯ ಪುಟಗಳಲ್ಲಿ ನನ್ನ ಅಕ್ಷರ ನನಗೇ ಓದೋಕಾಗುತ್ತಿಲ್ಲ. ಒಂದು ಕಡೆ ದೊಡ್ಡದಾಗಿ "ಇದು ಮುಖ್ಯ!!" ಅಂತ ಬರೆದು ಬಾಣ ಹಾಕಿದ್ದೇನೆ. ಬಾಣದ ತುದಿಯಲ್ಲಿ ಏನೂ ಇಲ್ಲ.

ರೂಮ್‌ಮೇಟ್ ಓದುತ್ತಿರುವುದು ಮನಃಶಾಸ್ತ್ರ. ನನ್ನ ಗೋಳು ಕೇಳಿ ಅವಳು ಎಬ್ಬಿಂಗ್‌ಹಾಸ್ ಕಥೆ ಹೇಳಿದಳು. ಆ ಮಹಾನುಭಾವ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಎಷ್ಟು ಮರೆತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದನಂತೆ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತಿತ್ತಂತೆ. "ನಿನಗೆ ಫೆಬ್ರವರಿದು ನೆನಪಿಲ್ಲ ಅಂದ್ರೆ ಅದು ನಿನ್ನ ತಪ್ಪಲ್ಲ ಬಿಡೇ" ಅಂದಳು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಫೆಬ್ರವರಿ ಅಂದಾಗ ನೆನಪಾಯಿತು. ಜ್ವರ ಬಂದ ವಾರ ಒಂದು ಪ್ರಯೋಗ ತಪ್ಪಿಹೋಗಿತ್ತು, ಸರಳ ಲೋಲಕದ್ದು. ಮಾಡದೇ ಇದ್ದವರಿಗೆ ನಾಳೆ ಮಧ್ಯಾಹ್ನ ಲ್ಯಾಬ್ ತೆಗೆದಿರುತ್ತಾರಂತೆ. ಪೆಂಡುಲಮ್ ತಾನೇ, ಹೈಸ್ಕೂಲು ಮಕ್ಕಳೂ ಮಾಡ್ತಾರೆ. ಒಂದು ಗಂಟೆಯ ಕೆಲಸ.

ಏಪ್ರಿಲ್ 22, ಮಂಗಳವಾರ

ಒಂದು ಗಂಟೆಯ ಕೆಲಸ ಅಂತ ನಿನ್ನೆ ಬರೆದವರು ಯಾರು?

ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಹೊತ್ತು ಅಂತ ಅಳೆಯೋದು. ಒಂದಕ್ಕೆ ಬದಲು ಇಪ್ಪತ್ತು ಯಾಕೆ ಅಂದರೆ, ಸ್ಟಾಪ್‌ವಾಚ್ ಒತ್ತುವಾಗ ಬೆರಳು ಮಾಡುವ ತಡ ಇಪ್ಪತ್ತು ಭಾಗವಾಗಿ ಹಂಚಿಹೋಗಲಿ ಅಂತ. ದಾರದ ಉದ್ದ 50 ಸೆಂಟಿಮೀಟರಿನಿಂದ 100ರವರೆಗೆ, ಹತ್ತತ್ತು ಹೆಚ್ಚಿಸುತ್ತಾ ಆರು ಸಲ. ನನ್ನ ಜೊತೆ ಇದ್ದದ್ದು ಫೆಬ್ರವರಿಯಲ್ಲಿ ಕಾರಣವಿಲ್ಲದೆ ಚಕ್ಕರ್ ಹೊಡೆದಿದ್ದ ಕ್ಲಾಸ್‌ಮೇಟ್ ಒಬ್ಬ. ಅವನು ಎಣಿಸಿದ, ನಾನು ಒತ್ತಿದೆ. 50ಕ್ಕೆ 28.82 ಸೆಕೆಂಡ್, 100ಕ್ಕೆ 40.44. ಎಲ್ಲಾ ಚೆನ್ನಾಗೇ ಇತ್ತು, ಕ್ಯಾಲ್ಕುಲೇಟರ್ ಕೈಗೆ ತಗೊಳ್ಳೋವರೆಗೆ.

ಉದ್ದ ಮತ್ತು ಹೊತ್ತು, ಇವೆರಡರಿಂದ ಲೆಕ್ಕ ಹಾಕಬೇಕಾದ್ದು ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತೆ ಅನ್ನೋದು. ಬರಬೇಕಾದ್ದು 9.8. ನನಗೆ 50 ಸೆಂಟಿಮೀಟರಿಗೆ ಬಂದದ್ದು 9.51. ನೂರಕ್ಕೆ 9.66. ನಡುವಿನವು ನಡುವೆ. ಆರರಲ್ಲಿ ಒಂದೂ 9.7 ದಾಟಲಿಲ್ಲ.

"ಏನ್ ತಲೆ ಕೆಡಿಸ್ಕೋತೀಯಾ, ಉತ್ತರ ಗೊತ್ತಲ್ಲ, ಅಲ್ಲಿಂದ ಹಿಂದಕ್ಕೆ ಬಾ" ಅಂದ ಕ್ಲಾಸ್‌ಮೇಟ್. ಅವನ ಪಟ್ಟಿ ಹತ್ತು ನಿಮಿಷದಲ್ಲಿ ತಯಾರಾಯಿತು. 9.79, 9.82, 9.80. ಅನುಮಾನ ಬರಬಾರದು ಅಂತ ನಡುವೆ ಒಂದು 9.76. ಕೈಚಳಕ ಮೆಚ್ಚಲೇಬೇಕು, ತಪ್ಪನ್ನೂ ಅಳತೆಗೆ ತಕ್ಕಂತೆ ಹೊಲಿದಿದ್ದ.

ನಾನೂ ಹಾಗೆ ಮಾಡಿಲ್ಲ ಅಂತೇನಿಲ್ಲ. ಹೋದ ವರ್ಷ ಎರಡು ಪ್ರಯೋಗಕ್ಕೆ ಮಾಡಿದ್ದೇನೆ. ಈ ಸಲ ಅಡ್ಡ ಬಂದದ್ದು ಪ್ರಾಮಾಣಿಕತೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತೆ. ಅಡ್ಡ ಬಂದದ್ದು ಆ ಆರು ಸಂಖ್ಯೆಗಳ ಸಾಲು. ಕೈ ತಪ್ಪಿದ್ದರೆ ಒಂದು ಮೇಲೆ, ಒಂದು ಕೆಳಗೆ ಅಂತ ಚೆಲ್ಲಾಪಿಲ್ಲಿ ಇರಬೇಕಿತ್ತು. ಇವು ಎತ್ತರದ ಪ್ರಕಾರ ನಿಲ್ಲಿಸಿದ ಪ್ರೈಮರಿ ಮಕ್ಕಳ ಹಾಗೆ ನಿಂತಿವೆ. ದಾರ ಉದ್ದವಾದಷ್ಟೂ ಬೆಲೆ ಮೇಲೇರುತ್ತೆ. ಎಲ್ಲವೂ ಒಂದೇ ತಪ್ಪನ್ನು ಹೇಳುತ್ತಿವೆ, ನನಗೆ ಕೇಳಿಸುತ್ತಿಲ್ಲ ಅಷ್ಟೆ.

ಪೆನ್ಸಿಲಿನಲ್ಲಿ ಬರೆದಿಟ್ಟು ಬಂದೆ.

ಏಪ್ರಿಲ್ 23, ಬುಧವಾರ

ಗ್ರೂಪ್ ಪ್ರೆಸೆಂಟೇಶನ್ ಮುಗೀತು. ನಾಲ್ಕು ಜನರ ಗುಂಪಿನಲ್ಲಿ ಕೆಲಸ ಮಾಡಿದವರು ಎರಡೂವರೆ ಜನ. ಸ್ಲೈಡ್ ಓಪನ್ ಆಯ್ತು, ಸೌಂಡ್ ಬರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯೋದಕ್ಕೆ ಅದರಲ್ಲಿ ಏನಿಲ್ಲ.

ಲೈಬ್ರರಿಯಲ್ಲಿ ಕುರ್ಚಿ ಸಿಗಲಿಲ್ಲ. ಮನುಷ್ಯರಿಗಿಂತ ಬ್ಯಾಗುಗಳು ಹೆಚ್ಚು ಓದುತ್ತಿವೆ ಅಲ್ಲಿ. ಒಂದು ನೀಲಿ ಬ್ಯಾಗು ಮೂರು ಗಂಟೆ ಒಬ್ಬಂಟಿಯಾಗಿ ಕಿಟಕಿ ಪಕ್ಕದ ಜಾಗದಲ್ಲಿ ಕೂತಿತ್ತು. ನಾನು ಮೆಟ್ಟಿಲ ಮೇಲೆ ಕೂತು ವಿದ್ಯುತ್ಕಾಂತತೆ ಓದುತ್ತೇನೆ ಅಂತ ಪುಸ್ತಕ ಬಿಡಿಸಿ, ಪುಸ್ತಕದ ಅಂಚಿನಲ್ಲಿ ಪೆಂಡುಲಮ್ಮಿನ ಲೆಕ್ಕ ಮಾಡುತ್ತಿದ್ದೆ.

ಅನುಮಾನದ ಪಟ್ಟಿ ಒಂದೊಂದಾಗಿ ಹೊಡೆದುಹಾಕಿದೆ. ಎಣಿಸೋದರಲ್ಲಿ ಎಡವಟ್ಟಾಗಿರಬಹುದಾ? ಗುಂಡು ಬಿಟ್ಟ ಕೂಡಲೇ "ಸೊನ್ನೆ" ಅನ್ನೋ ಬದಲು "ಒಂದು" ಅಂದುಬಿಟ್ಟರೆ, ಇಪ್ಪತ್ತು ಅಂದಾಗ ಆಗಿರೋದು ಹತ್ತೊಂಬತ್ತೇ. ಆದರೆ ಹಾಗಾಗಿದ್ದರೆ ಉತ್ತರ ಹತ್ತು ದಾಟಿ ಹೋಗಬೇಕಿತ್ತು, ಕೆಳಗಿಳಿಯಬಾರದು. ಜಾಸ್ತಿ ಎಳೆದು ಬಿಟ್ಟೆವಾ? ಹತ್ತು ಡಿಗ್ರಿಯಷ್ಟು ಎಳೆದರೂ ಆಂದೋಲನದ ಕಾಲ ಹೆಚ್ಚೋದು ಸಾವಿರಕ್ಕೆ ಎರಡರಷ್ಟು. ಸಾಕಾಗಲ್ಲ. ಇಲ್ಲೇ ಗುರುತ್ವ ಕಡಿಮೆ ಇದೆಯಾ? (ನಗಬೇಡಿ, ರಾತ್ರಿ ಹನ್ನೊಂದಕ್ಕೆ ಇದೂ ಒಂದು ಸಾಧ್ಯತೆ.) ಭೂಮಧ್ಯರೇಖೆಯಲ್ಲಿ 9.78, ಧ್ರುವಗಳಲ್ಲಿ 9.83. ಸಮುದ್ರಮಟ್ಟದಲ್ಲಿ ಭೂಮಿಯ ಯಾವ ಮೂಲೆಗೆ ಹೋದರೂ 9.5 ಸಿಗಲ್ಲ.

ಅದನ್ನು ನೋಡಲು ಹೋಗಿ ಜಾನ್ ರಿಶೇ ಎನ್ನುವವನ ಕಥೆಯಲ್ಲಿ ಮುಳುಗಿಹೋದೆ. 1672ರಲ್ಲಿ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ, ಭೂಮಧ್ಯರೇಖೆಗೆ ಹತ್ತಿರದ ಕಯೆನ್‌ಗೆ ಹೋಗಿದ್ದ ಖಗೋಳಜ್ಞ. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸರಿಪಡಿಸಲು ಲೋಲಕವನ್ನು ಸುಮಾರು ಮೂರು ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಭೂಮಿ ಪೂರ್ತಿ ದುಂಡಗಿಲ್ಲ, ಹೊಟ್ಟೆಯ ಹತ್ತಿರ ಉಬ್ಬಿದೆ ಎಂದು ವಾದಿಸುವಾಗ ನ್ಯೂಟನ್ ಇದನ್ನೇ ಎತ್ತಿಕೊಂಡ. ಗಡಿಯಾರ ಕೆಟ್ಟಿದೆ ಅಂತ ರಿಶೇ ಸುಮ್ಮನಾಗಿಬಿಡಬಹುದಿತ್ತು. ನಾನಾಗಿದ್ದರೆ ಸುಮ್ಮನಾಗುತ್ತಿದ್ದೆ, ಅದರಲ್ಲೂ ಸೆಮಿಸ್ಟರ್ ಕೊನೆಯಲ್ಲಿ.

ಹೀಗೆ ವಿದ್ಯುತ್ಕಾಂತತೆಯ ದಿನ ಮುಗೀತು. ಓದಿದ್ದು ಒಂದೂವರೆ ಪುಟ.

ಏಪ್ರಿಲ್ 24, ಗುರುವಾರ

ಎದುರು ರೂಮಿನ ಅಕ್ಕ ಖಾಲಿ ಮಾಡುತ್ತಿದ್ದಾಳೆ. ಕೊನೆಯ ವರ್ಷ, ಅವಳ ಪರೀಕ್ಷೆ ಮೊದಲೇ ಮುಗೀತು. ನಾಡಿದ್ದು ಹೊರಡುತ್ತಾಳೆ. ಬಾಗಿಲು ತೆಗೆದೇ ಇತ್ತು, ನೆಲದ ತುಂಬ ಮೂರು ವರ್ಷದ ಸಾಮಾನು. ಬಕೆಟ್ ಒಬ್ಬರಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಇನ್ನೊಬ್ಬರಿಗೆ, ಕನ್ನಡಿ ಯಾರಿಗೂ ಬೇಡ. ನನಗೆ ಟೇಬಲ್ ಲ್ಯಾಂಪ್ ಕೊಟ್ಟಳು. ಸ್ವಿಚ್ ಸಡಿಲ, ಒಂದು ನಿರ್ದಿಷ್ಟ ಕೋನದಲ್ಲಿ ಒತ್ತಿದರೆ ಮಾತ್ರ ಹತ್ತುತ್ತೆ. ಆ ಕೋನವನ್ನು ಮಂತ್ರೋಪದೇಶದ ಹಾಗೆ ಕಲಿಸಿಕೊಟ್ಟಳು.

ಪೆಂಡುಲಮ್ ಗೋಳು ಹೇಳಿಕೊಂಡೆ. ಬಟ್ಟೆ ಮಡಚುತ್ತಲೇ ಕೇಳಿದಳು.

"ಗ್ರಾಫ್ ಹಾಕಿದ್ದೀಯಾ?"

"ಹಾಕಿದ್ದೀನಿ ಅಕ್ಕಾ, ಚೆನ್ನಾಗೇ ಬಂದಿದೆ, ನೇರ ಗೆರೆ."

"ಎಲ್ಲಿಂದ ಶುರು?"

ನಾನು ಅಡ್ಡ ಅಕ್ಷವನ್ನು 40ರಿಂದ ಶುರು ಮಾಡಿದ್ದೆ. ಹಾಳೆಯಲ್ಲಿ ದೊಡ್ಡದಾಗಿ ಕಾಣಲಿ ಅಂತ ಎಲ್ಲರೂ ಮಾಡೋದೇ. ಅವಳು ಏನೂ ಹೇಳಲಿಲ್ಲ, "ಸೊನ್ನೆವರೆಗೂ ಎಳೆದು ನೋಡು" ಅಂದು ಸೂಟ್‌ಕೇಸ್ ಮೇಲೆ ಕೂತಳು, ಜಿಪ್ ಹಾಕೋಕೆ. ಇಬ್ಬರೂ ಕೂತ ಮೇಲೆ ಜಿಪ್ ಬಿತ್ತು.

ರಾತ್ರಿ ಹೊಸ ಲ್ಯಾಂಪ್ ಕೆಳಗೆ ಮತ್ತೆ ಗ್ರಾಫ್ ಹಾಕಿದೆ. ಅಡ್ಡಕ್ಕೆ ದಾರದ ಉದ್ದ, ಮೇಲಕ್ಕೆ ಆಂದೋಲನ ಕಾಲದ ವರ್ಗ, ಅಂದರೆ ಒಂದು ತೂಗಾಟದ ಹೊತ್ತನ್ನು ಅದರಿಂದಲೇ ಗುಣಿಸಿದ್ದು. ದಾರವೇ ಇಲ್ಲದಿದ್ದರೆ ತೂಗಾಟಕ್ಕೆ ಹೊತ್ತೇ ಬೇಡ, ಆದ್ದರಿಂದ ಗೆರೆ ಸೊನ್ನೆಯ ಮೇಲೇ ಹಾದುಹೋಗಬೇಕು. ನನ್ನ ಗೆರೆ ಹೋಗಲಿಲ್ಲ. ಸೊನ್ನೆಯ ಸ್ವಲ್ಪ ಮೇಲೆ ಹಾದು, ಹಾಳೆಯ ಎಡ ಅಂಚಿನಿಂದ ಆಚೆ ಬಿದ್ದುಹೋಯಿತು. ಇನ್ನೊಂದು ಗ್ರಾಫ್ ಶೀಟ್ ಕತ್ತರಿಸಿ ಎಡಕ್ಕೆ ಅಂಟಿಸಿ, ಗೆರೆ ಮುಂದುವರಿಸಿದೆ. ಅದು ಅಡ್ಡ ಅಕ್ಷವನ್ನು ಮುಟ್ಟಿದ್ದು ಸೊನ್ನೆಗಿಂತ ಒಂದೂವರೆ ಸೆಂಟಿಮೀಟರ್ ಹಿಂದೆ, ಸ್ವಲ್ಪ ಜಾಸ್ತಿಯೇ ಇರಬಹುದು.

ಒಂದೂವರೆ ಸೆಂಟಿಮೀಟರ್.

ನಾನು ಉದ್ದ ಅಳೆದದ್ದು ಎಲ್ಲಿಂದ ಎಲ್ಲಿಗೆ? ಮೇಲಿನ ಕ್ಲಾಂಪಿನಿಂದ ಕೆಳಗೆ ಗಂಟಿನವರೆಗೆ. ದಾರ ಮುಗಿದಲ್ಲಿಗೆ ಲೋಲಕವೂ ಮುಗಿಯಿತು ಅಂದುಕೊಂಡೆ. ಆದರೆ ತೂಗುವುದು ದಾರವಲ್ಲ, ಗುಂಡು. ಅದರ ನಡುಮಧ್ಯದವರೆಗೆ ಅಳೆಯಬೇಕಿತ್ತು. ಗಂಟಿನ ಕೆಳಗಿನ ಕೊಕ್ಕೆ, ಅದರ ಕೆಳಗೆ ಗುಂಡಿನ ತ್ರಿಜ್ಯ, ಎರಡನ್ನೂ ಆರೂ ಸಲ ಬಿಟ್ಟಿದ್ದೇನೆ. 50ರಲ್ಲಿ ಅಷ್ಟು ಹೋದರೆ ದೊಡ್ಡ ನಷ್ಟ, 100ರಲ್ಲಿ ಹೋದರೆ ಚಿಕ್ಕದು. ಅದಕ್ಕೇ ಆ ಪ್ರೈಮರಿ ಮಕ್ಕಳ ಸಾಲು!

ಇನ್ನೂ ಚೆಂದದ್ದು ಇದೆ. ಪ್ರತಿ ಸಲವೂ ಬಿಟ್ಟದ್ದು ಅಷ್ಟೇ ಆದ್ದರಿಂದ ಗೆರೆ ಪೂರ್ತಿಯಾಗಿ ಪಕ್ಕಕ್ಕೆ ಸರಿದಿದೆಯೇ ಹೊರತು ಅದರ ಓರೆ ಬದಲಾಗಿಲ್ಲ. ಸ್ಲೋಪ್ ತೆಗೆದೆ. ಮೀಟರಿಗೆ 4.02. 4π²ನ್ನು ಅದರಿಂದ ಭಾಗಿಸಿದರೆ ಗುರುತ್ವ 9.82. ಸರಿಯಾದ ಉತ್ತರ ಮಂಗಳವಾರದಿಂದಲೂ ನನ್ನ ಪುಸ್ತಕದಲ್ಲೇ ಇತ್ತು, ತಪ್ಪು ರೀಡಿಂಗುಗಳ ಒಳಗೇ. ಎಲ್ಲಿ ತಪ್ಪಿದೆ ಅನ್ನೋದರ ಜೊತೆ ಎಷ್ಟು ತಪ್ಪಿದೆ ಅನ್ನೋದನ್ನೂ ಅದೇ ಗೆರೆ ಹೇಳಿತು. ಕ್ಲಾಸ್‌ಮೇಟ್ ಹೇಳಿದ ಹಾಗೆ ಹಿಂದಕ್ಕೆ ನಡೆದು ಬರೆದಿದ್ದರೆ ಗೆರೆ ನೆಟ್ಟಗೆ ಸೊನ್ನೆಗೆ ಹೋಗುತ್ತಿತ್ತು, ಏನೂ ಹೇಳುತ್ತಿರಲಿಲ್ಲ.

ರಾತ್ರಿ ಒಂದೂಕಾಲಿಗೆ ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ. ಒಂದು ಕಣ್ಣು ತೆರೆದು, "ಒಳ್ಳೇದು, ದೀಪ ಆರಿಸು" ಅಂದಳು. ಆರಿಸೋಕೂ ಒಂದು ಕೋನ ಇದೆಯಂತ ಅಕ್ಕ ಹೇಳಿರಲಿಲ್ಲ.

ಏಪ್ರಿಲ್ 25, ಶುಕ್ರವಾರ

ಬೆಳಿಗ್ಗೆ ಲ್ಯಾಬ್ ತೆರೆಯೋ ಮುಂಚೆಯೇ ಬಾಗಿಲ ಹತ್ತಿರ ನಿಂತಿದ್ದೆ. ಅಟೆಂಡರ್ ಅಣ್ಣ ವಿಚಿತ್ರವಾಗಿ ನೋಡಿದರು, ಸೆಮಿಸ್ಟರ್ ಪೂರ್ತಿ ಹತ್ತು ನಿಮಿಷ ತಡವಾಗಿ ಬಂದವಳು ನಾನು. "ಒಂದು ಗುಂಡು ಅಳೀಬೇಕಿತ್ತು ಅಣ್ಣ" ಅಂದೆ. ಅದೇ ಗುಂಡು ಬೇಕು ಅಂದಾಗ ಇನ್ನಷ್ಟು ವಿಚಿತ್ರವಾಗಿ ನೋಡಿದರು. ಡಬ್ಬಿಯಲ್ಲಿ ಎಂಟು ಗುಂಡುಗಳಿದ್ದವು. ಪುಣ್ಯಕ್ಕೆ ನಮ್ಮದರಲ್ಲಿ ನನ್ನ ಗಂಟು ಇನ್ನೂ ಹಾಗೇ ಇತ್ತು, ಬಿಚ್ಚದೆ ಬಂದಿದ್ದೆವು.

ವರ್ನಿಯರ್‌ನಲ್ಲಿ ವ್ಯಾಸ 2.2 ಸೆಂಟಿಮೀಟರ್. ಅರ್ಧ ಅಂದರೆ 1.1. ಕೊಕ್ಕೆ 0.5. ಒಟ್ಟು 1.6.

ಸಂಜೆ ಅಮ್ಮನ ಫೋನು. ಊಟ ಆಯ್ತಾ, ನಿದ್ದೆ ಮಾಡ್ತಿದ್ದೀಯಾ, ಎಷ್ಟು ಪಾಠ ಮುಗೀತು. ನಾನು ಗುಂಡಿನ ಕಥೆ ಪೂರ್ತಿ ಹೇಳಿದೆ. ಅಮ್ಮ ತಾಳ್ಮೆಯಿಂದ ಕೇಳಿ, "ಟೈಲರ್ ಹತ್ರ ತೋಳಿನ ಅಳತೆ ಕೊಡುವಾಗ ಭುಜದಿಂದಲೇ ಹಿಡೀಬೇಕು ಅಂತ ಎಷ್ಟು ಸಲ ಹೇಳಿಲ್ಲ ನಿನಗೆ" ಅಂದಳು. ಆಮೇಲೆ, "ಅದು ಸರಿ, ಎಷ್ಟು ಪಾಠ ಮುಗೀತು?"

ಏಪ್ರಿಲ್ 26, ಶನಿವಾರ

ರೆಕಾರ್ಡ್ ಒಪ್ಪಿಸಿದೆ. ಮೇಡಂ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು, ಒಂದೊಂದಕ್ಕೆ ಅರ್ಧ ನಿಮಿಷ. ನನ್ನ ಪುಸ್ತಕದಲ್ಲಿ ಅಂಟಿಸಿದ ಹಾಳೆ ಮಡಚಿಕೊಂಡು ಹೊರಗೆ ಚಾಚಿತ್ತು. "ಇದೇನಮ್ಮಾ ಬಾಲ?" ಅಂದರು. ಹೇಳಿದೆ. ಪೆನ್ನು ಕೆಳಗಿಟ್ಟು ಹಾಳೆ ಬಿಡಿಸಿ ನೋಡಿದರು, 1.6ರ ಮೇಲೆ ಬೆರಳಿಟ್ಟರು, ಒಂದು ಸಲ ನನ್ನನ್ನು ನೋಡಿದರು. ಹತ್ತಕ್ಕೆ ಒಂಬತ್ತು ಹಾಕಿದರು.

"ಒಂದು ಯಾಕೆ ಮೇಡಂ?"

"ಅಂಟಿಸಿದ್ದು ಓರೆಯಾಗಿದೆ."

ಕ್ಲಾಸ್‌ಮೇಟಿಗೆ ಹತ್ತಕ್ಕೆ ಹತ್ತು. ಅವನ ಗ್ರಾಫ್ ನಿಜವಾಗಿಯೂ ತುಂಬ ಚೆನ್ನಾಗಿತ್ತು.

ಹಾಸ್ಟೆಲ್ಲಿಗೆ ಬಂದಾಗ ಎದುರು ರೂಮು ಗುಡಿಸಿಯಾಗಿತ್ತು. ಯಾರೂ ಒಯ್ಯದ ಕನ್ನಡಿ ಗೋಡೆಗೆ ಒರಗಿಕೊಂಡಿತ್ತು, ಅದರಲ್ಲಿ ನಮ್ಮ ರೂಮಿನ ಬಾಗಿಲು ಕಾಣುತ್ತಿತ್ತು. ಗೆರೆ ಎಲ್ಲಿ ಹೋಯಿತು ಅಂತ ಅಕ್ಕನಿಗೆ ಹೇಳೋಕೆ ಆಗಲೇ ಇಲ್ಲ. ಗ್ರಾಫಿನ ಫೋಟೋ ತೆಗೆದು ಕಳಿಸಿದೆ, ಬಾಲ ಸಮೇತ. ರೈಲಿನಲ್ಲಿ ಇರಬೇಕು, ಇನ್ನೂ ನೋಡಿಲ್ಲ.

ಪರೀಕ್ಷೆಗೆ ಒಂಬತ್ತು ದಿನ. ವಿದ್ಯುತ್ಕಾಂತತೆ, ಪುಟ ಎರಡು.