ಅಪ್ಪನ ಪುಟ ಎಲ್ಲಿ ಹೋಯ್ತು?

ಹೋದ ವರ್ಷ ಜೂನ್ ತಿಂಗಳ ಒಂದು ಸೋಮವಾರ. ಹೊರಗೆ ಜೋರು ಮಳೆ. ಬ್ರಹ್ಮಾವರದಿಂದ ಒಬ್ಬರು ಹಿರಿಯ ಹೆಂಗಸು ಆಫೀಸಿಗೆ ಫೋನ್ ಮಾಡಿದರು. "ಎಂತ ಆದದ್ದು ಮಾರಾಯ್ರೆ? ಅಪ್ಪನ ಪುಟ ಎಲ್ಲಿ ಹೋಯ್ತು? ಮೊನ್ನೆವರೆಗೆ ಇತ್ತು. ಈಗ ಒತ್ತಿದರೆ ಎಂತದೋ ನಾಲ್ಕುನೂರ ನಾಲ್ಕು ಅಂತ ಬರ್ತದೆ."

ಅವರ ಅಪ್ಪ ಯಕ್ಷಗಾನದಲ್ಲಿ ಚೆಂಡೆ ಬಾರಿಸುತ್ತಿದ್ದವರು. ತೀರಿಕೊಂಡು ತುಂಬಾ ವರ್ಷ ಆಗಿದೆ. ಇಂಟರ್ನೆಟ್‌ನಲ್ಲಿ ಅವರ ಬಗ್ಗೆ ಇದ್ದದ್ದು ಒಂದೇ ಪುಟ, ಒಂದು ಕಪ್ಪು ಬಿಳುಪು ಫೋಟೊ. ಆ ಲಿಂಕನ್ನು ಇವರು ಮುಂಬೈಯಲ್ಲಿರುವ ತಮ್ಮನಿಗೆ, ದುಬೈಯಲ್ಲಿರುವ ಮೊಮ್ಮಕ್ಕಳಿಗೆ ಎಲ್ಲ ಕಳಿಸಿದ್ದರು. ಅದನ್ನು ಕಾಣದಂತೆ ಮಾಡಿದ್ದು ನಾನು.

ಮಂಗಳೂರಿನ ಬಲ್ಮಠದ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ವೆಬ್‌ಸೈಟ್ ಮಾಡುವುದು ನನ್ನ ಕೆಲಸ. ನಾವು ಐದು ಜನ ಇದ್ದೇವೆ. ಉಡುಪಿ ಕಡೆಯ ಒಂದು ಹಳೆಯ ಕಲಾ ಸಂಘದವರು ತಮ್ಮ ಸೈಟನ್ನು ಹೊಸದು ಮಾಡಿಕೊಡಿ ಎಂದು ಬಂದಿದ್ದರು. 2003ರಿಂದ ಇದ್ದ ಸೈಟ್ ಅದು. ಸಂಘದಲ್ಲಿದ್ದ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆ ತಾವೇ ಕಲಿತು, ಒಂದೊಂದೇ ಪುಟವನ್ನು ಕೈಯಿಂದ ಬರೆದು ಕಟ್ಟಿದ್ದರು. ಕಲಾವಿದರ ಪರಿಚಯ, ತಾಳಮದ್ದಳೆಯ ವರದಿ, ಹಳೆಯ ಮೇಳಗಳ ವಿಷಯ ಎಲ್ಲ ಇತ್ತು. ನಾವು ಕೆಲಸ ಹಿಡಿಯುವಾಗ ಅವರು ಇರಲಿಲ್ಲ. ಅವರ ಕಂಪ್ಯೂಟರ್ ಕೂಡ ಗುಜರಿಗೆ ಹೋಗಿತ್ತು.

ಹಳೆಯ ಸೈಟ್ ಫೋನಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಅಕ್ಷರ ಸಾಸಿವೆಯಷ್ಟು ಸಣ್ಣದು, ಅದೂ ಕೆಲವು ಪುಟಗಳಲ್ಲಿ ಕನ್ನಡವೇ ಅಲ್ಲ, ತಲೆಬುಡ ಇಲ್ಲದ ರೋಮನ್ ಅಕ್ಷರಗಳ ರಾಶಿ. ನಾನು ಎರಡು ತಿಂಗಳು ಕೂತು ಹೊಸದು ಮಾಡಿದೆ. ಒಳ್ಳೆಯ ಫಾಂಟ್, ಅಗಲವಾದ ಫೋಟೊ, ಬೇಗ ತೆರೆಯುವ ಪುಟ. ಶನಿವಾರ ಸಂಜೆ ಉಡುಪಿಯಲ್ಲಿ ಸಭೆ ಮಾಡಿ ಬಿಡುಗಡೆ ಮಾಡಿದರು, ಎಲ್ಲರಿಗೂ ಖುಷಿಯಾಯಿತು. ಎರಡು ಕಡೆ ದುಡ್ಡು ಯಾಕೆ ಕೊಡುವುದು ಎಂದು ಸಂಘದವರು ಹಳೆಯ ಹೋಸ್ಟಿಂಗ್, ಅಂದರೆ ಸೈಟ್ ಇಡಲು ಬಾಡಿಗೆಗೆ ಪಡೆದ ಜಾಗ, ಅವತ್ತೇ ನಿಲ್ಲಿಸಿದರು. ಬೇಡ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ.

ನಾನು ಮಾಡಿದ ತಪ್ಪು ಎರಡು. ಹಳೆಯ ಸರ್ವರ್‌ನ ಪಾಸ್‌ವರ್ಡ್ ಯಾರ ಹತ್ತಿರವೂ ಇರಲಿಲ್ಲ, ಹಾಗಾಗಿ ಮೆನುವಿನಲ್ಲಿ ಕಂಡ ಪುಟಗಳನ್ನು ಒಂದೊಂದಾಗಿ ತೆರೆದು ಅಲ್ಲಿನ ಬರಹ ತೆಗೆದುಕೊಂಡೆ, 341 ಪುಟ ಸಿಕ್ಕಿತು, ಇಷ್ಟೇ ಇರುವುದು ಎಂದುಕೊಂಡೆ. ಎರಡನೆಯದು, ಆ 341 ಪುಟಗಳ ವಿಳಾಸವನ್ನೂ ಬದಲಾಯಿಸಿದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ವ್ಯವಸ್ಥೆ ಮಾಡಲಿಲ್ಲ. ಮನೆ ಬದಲಾಯಿಸಿ ಅಂಚೆಯವರಿಗೆ ಹೇಳದೇ ಇದ್ದ ಹಾಗೆ.

ಫೋನ್ ಇಟ್ಟ ಮೇಲೆ ನಮ್ಮ ಸರ್ ಬೈಯಲಿಲ್ಲ. "ಸಂಘದವರಿಗೆ ನೀನೇ ಮೊದಲು ಹೇಳು, ಮತ್ತೆ ಕೂತು ನೋಡುವ" ಎಂದರು.

ಇಲ್ಲಿ ನನ್ನ ಒಂದು ಅಭ್ಯಾಸದ ವಿಷಯ ಹೇಳಬೇಕು. ಮಧ್ಯಾಹ್ನ ಊಟ ಆದ ಮೇಲೆ ಇಂಟರ್ನೆಟ್‌ನ ಹಳೆಯ, ವಿಚಿತ್ರ ಪುಟಗಳನ್ನು ಹುಡುಕಿ ಆಫೀಸಿನವರಿಗೆ ತೋರಿಸುವುದು ನನಗೆ ತುಂಬಾ ಇಷ್ಟ. ಕೇಂಬ್ರಿಜ್‌ನ ಕಂಪ್ಯೂಟರ್ ಲ್ಯಾಬಿನಲ್ಲಿ ಕಾಫಿ ಪಾತ್ರೆ ಖಾಲಿಯಾಗಿದೆಯಾ ಎಂದು ಕೂತಲ್ಲಿಂದಲೇ ನೋಡಲು 1991ರಲ್ಲಿ ಕ್ಯಾಮರಾ ಇಟ್ಟರು, 1993ರಲ್ಲಿ ಅದು ವೆಬ್‌ಗೆ ಬಂತು, 2001ರಲ್ಲಿ ನಿಲ್ಲಿಸಿದರು. ಸ್ಪೇಸ್ ಜಾಮ್ ಸಿನಿಮಾಕ್ಕೆ 1996ರಲ್ಲಿ ಮಾಡಿದ ಸೈಟ್, ನಕ್ಷತ್ರದ ಹಿನ್ನೆಲೆಯ ಮೇಲೆ ಗುಂಡಗಿನ ಗ್ರಹಗಳು, ಇಷ್ಟು ವರ್ಷವಾದರೂ ಅಳಿಸದೆ ಇಟ್ಟಿದ್ದಾರೆ. 2021ರಲ್ಲಿ ಎರಡನೇ ಸಿನಿಮಾ ಬಂದಾಗ ಮುಖ್ಯ ವಿಳಾಸ ಹೊಸದಕ್ಕೆ ಹೋಯಿತು, ಹಳೆಯದನ್ನು ಅದೇ ವಿಳಾಸದ ಮುಂದೆ 1996 ಎಂದು ಸೇರಿಸಿ ಉಳಿಸಿಕೊಂಡರು. ಪುಟ ಸಿಗದಿದ್ದಾಗ ಬರುವ 404ರ ಕತೆಯನ್ನೂ ಹೇಳುತ್ತಿದ್ದೆ. ವೆಬ್ ಹುಟ್ಟಿದ ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್‌ನಲ್ಲಿ ಆ ನಂಬರಿನ ಕೋಣೆ ಇತ್ತು, ಅದರಿಂದಲೇ ಆ ಹೆಸರು ಎನ್ನುವ ಕತೆ. ಅದು ನಿಜ ಅಲ್ಲ, ಟಿಮ್ ಬರ್ನರ್ಸ್-ಲೀ ಜೊತೆ ವೆಬ್ ಕಟ್ಟಿದ ರಾಬರ್ಟ್ ಕೈಯೊ ಅವರೇ ಅದನ್ನು ತಳ್ಳಿಹಾಕಿದ್ದಾರೆ.

ಸರ್ನ್‌ನ ಮೊದಲ ವೆಬ್ ಪುಟವನ್ನಂತೂ ಎಷ್ಟು ಸಲ ತೆರೆದಿದ್ದೇನೋ. ಬಿಳಿ ಹಾಳೆ, ಕಪ್ಪು ಅಕ್ಷರ, ನೀಲಿ ಲಿಂಕ್, ಒಂದು ಚಿತ್ರವೂ ಇಲ್ಲ. ನಾನು ನೋಡುತ್ತಿದ್ದದ್ದು ಅದರ ಚಂದವನ್ನು ಮಾತ್ರ. ಸೋಮವಾರ ಮತ್ತೆ ತೆರೆದಾಗ ಬೇರೆಯೇ ಕಂಡಿತು. 2013ರಲ್ಲಿ ಸರ್ನ್‌ನವರು ಆ ಪುಟವನ್ನು ಮತ್ತೆ ಮೇಲೆ ತಂದಾಗ ಕಷ್ಟಪಟ್ಟದ್ದು ಅದರ ಬರಹಕ್ಕಾಗಿ ಮಾತ್ರ ಅಲ್ಲ. ಅದನ್ನು ಅದರ ಮೊದಲಿನ ವಿಳಾಸದಲ್ಲೇ ಕೂರಿಸಿದರು. ಬರ್ನರ್ಸ್-ಲೀ 1998ರಲ್ಲೇ ಈ ಬಗ್ಗೆ ಒಂದು ಟಿಪ್ಪಣಿ ಬರೆದಿದ್ದಾರೆ. ವಿಳಾಸ ತಾನಾಗಿ ಬದಲಾಗುವುದಿಲ್ಲ, ಬದಲಾಯಿಸುವುದು ಜನ ಎನ್ನುತ್ತಾರೆ. ವಿಷಯದ ಹೆಸರು, ಬರೆದವರ ಹೆಸರು, ಕಡತದ ಹೆಸರಿನ ಕೊನೆಯ .html ಥರದ ಬಾಲ, ಇಂಥದ್ದನ್ನೆಲ್ಲ ವಿಳಾಸದೊಳಗೆ ಸೇರಿಸಬೇಡಿ, ನಾಳೆ ಅವು ಬದಲಾಗುತ್ತವೆ ಎಂಬ ಸಲಹೆಯೂ ಅದರಲ್ಲಿದೆ. ನಾನು ಅದನ್ನು ಓದಿದ್ದೆ, ಬೇರೆಯವರಿಗೆ ಕಳಿಸಿಯೂ ಇದ್ದೆ. ನನ್ನ ಕೆಲಸಕ್ಕೆ ಮಾತ್ರ ತಂದುಕೊಳ್ಳಲಿಲ್ಲ.

ಹಳೆಯ ಪುಟಗಳನ್ನು ಹುಡುಕಲು, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್‌ಗೆ ಹೋದೆ. ಬ್ರೂಸ್ಟರ್ ಕೇಲ್ 1996ರಲ್ಲಿ ಶುರು ಮಾಡಿದ ಇಂಟರ್ನೆಟ್ ಆರ್ಕೈವ್‌ನ ಭಾಗ ಅದು, ಜನರಿಗೆ ತೆರೆದದ್ದು 2001ರಲ್ಲಿ. ಹಳೆಯ ಸೈಟ್ ಹೇಗೆ ಕಾಣುತ್ತಿತ್ತು ಎಂದು ನೋಡಲು ಮಾತ್ರ ಅದನ್ನು ಬಳಸುವವರೇ ಜಾಸ್ತಿ. ಸೈಟಿನ ಹೆಸರಿನ ಮುಂದೆ ಒಂದು ಓರೆಗೆರೆ, ಒಂದು ನಕ್ಷತ್ರ ಚಿಹ್ನೆ ಹಾಕಿ ನೋಡಿ. ಅಲ್ಲಿ ದಾಖಲಾದ ಅಷ್ಟೂ ವಿಳಾಸಗಳ ಪಟ್ಟಿ ಬರುತ್ತದೆ. ನಮಗೆ ಚಿತ್ರ, ಸ್ಟೈಲ್ ಕಡತ ಎಲ್ಲ ತೆಗೆದ ಮೇಲೆ 412 ಪುಟಗಳ ಪಟ್ಟಿ ಸಿಕ್ಕಿತು. ಅಂದರೆ 71 ಪುಟಗಳು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮೆನುವಿನಲ್ಲಿ ಇಲ್ಲದ, ಬೇರೆ ಯಾವುದೋ ಲೇಖನದ ನಡುವಿನ ಒಂದು ಹೆಸರನ್ನು ಒತ್ತಿದರೆ ಮಾತ್ರ ತೆರೆಯುವ ಪುಟಗಳು ಅವು. ಬ್ರಹ್ಮಾವರದ ಅಮ್ಮನ ಅಪ್ಪ ಇದ್ದದ್ದೂ ಅಲ್ಲಿಯೇ.

ಪುಟ ತೆರೆದರೆ ಫೋಟೊ ಬಂತು, ಬರಹ ಬರಲಿಲ್ಲ. ಮತ್ತೆ ಅದೇ ರೋಮನ್ ಅಕ್ಷರಗಳ ರಾಶಿ, ಮೇಲೆ ಚುಕ್ಕಿ, ಕೆಳಗೆ ಬಾಲ. ಇದು ಯಾಕೆ ಎಂದು ಹೊಸ ಹುಡುಗರಿಗೆ ಗೊತ್ತಿರುವುದಿಲ್ಲ. ಆಗಿನ 'ನುಡಿ', 'ಬರಹ' ಎಂಬಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿಗೆ ಕನ್ನಡ ಆಗಿರಲಿಲ್ಲ. ಒಳಗೆ ಇರುವುದು ರೋಮನ್ ಅಕ್ಷರದ ಸಂಕೇತ, ಅದರ ಮೇಲೆ ಫಾಂಟ್ ಕನ್ನಡದ ಬಣ್ಣ ಬಳಿಯುತ್ತಿತ್ತು ಅಷ್ಟೆ. ಫಾಂಟ್ ಇಲ್ಲದಿದ್ದರೆ ಬಣ್ಣ ಹೋಯಿತು. ಯುನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸ್ವಂತ ಸಂಖ್ಯೆ ಇದೆ. ಕನ್ನಡವನ್ನು ಕೀಲಿಮಣೆಯಲ್ಲಿ ಸಲೀಸಾಗಿ ಒತ್ತುವ ದಾರಿ ಮಾಡಿಕೊಟ್ಟ ಕೆ.ಪಿ. ರಾವ್ ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಅಂಥವರ ಊರಿನಲ್ಲಿ ಕೂತು ಕನ್ನಡದ ಬರಹವನ್ನು ಕಳೆದುಹಾಕಿದೆನಲ್ಲ ಎಂದು ಅವತ್ತು ಬಹಳ ಬೇಜಾರಾಯಿತು.

ಬದಲಾಯಿಸುವ ಕನ್ವರ್ಟರ್‌ಗಳು ಇವೆ. ಆದರೆ ಕಣ್ಣು ಮುಚ್ಚಿ ನಂಬಬಾರದು. ಮುಖ್ಯ ತೊಂದರೆ ಅರ್ಕಾವೊತ್ತಿನದ್ದು. 'ಕರ್ಣ' ಎಂದು ಬರೆಯುವಾಗ ಕೈ ಮೊದಲು ಕ, ಮತ್ತೆ ಣ, ಕೊನೆಗೆ ಅರ್ಕಾವೊತ್ತು ಹಾಕುತ್ತದೆ. ಹಳೆಯ ಫಾಂಟಿನಲ್ಲೂ ಅದೇ ಕ್ರಮ. ಯುನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ, ಅಂದರೆ ರಕಾರ ಮೊದಲು, ಣ ಆಮೇಲೆ. ಕನ್ವರ್ಟರ್ ಈ ಜಾಗ ಬದಲಾಯಿಸಲು ಮರೆತರೆ ಕರ್ಣ ಹೋಗಿ 'ಕಣರ್' ಆಗುತ್ತಾನೆ, ಸೂರ್ಯ 'ಸೂಯರ್' ಆಗುತ್ತಾನೆ. ಯಕ್ಷಗಾನದ ಬರಹದಲ್ಲಿ ಕರ್ಣ, ಅರ್ಜುನ, ಪರ್ವ, ಧರ್ಮರಾಯ ಇಲ್ಲದ ಸಾಲು ಎಷ್ಟು ಸಿಕ್ಕೀತು? ನಾನು ಮತ್ತು ಒಬ್ಬ ಸಹೋದ್ಯೋಗಿ ಮೂರು ವಾರ ಸಂಜೆ ಒಂದು ಗಂಟೆ ಹೆಚ್ಚಿಗೆ ಕೂತು ಸಾಲು ಸಾಲು ಓದಿ ತಿದ್ದಿದೆವು.

ಇನ್ನೊಂದು ಗಂಟು ವಿಳಾಸದ್ದು. ಹೊಸ ಸೈಟಿನಲ್ಲಿ ನಾನು ಬರೆದ ಕೋಡ್ ಕನ್ನಡ ಶೀರ್ಷಿಕೆಯಿಂದಲೇ ವಿಳಾಸ ಕಟ್ಟುತ್ತಿತ್ತು. ಬ್ರೌಸರ್‌ನ ಮೇಲ್ಪಟ್ಟಿಯಲ್ಲಿ ಕನ್ನಡ ಕಾಣುವುದು ಚಂದ, ಅದಕ್ಕೇ ಹಾಗೆ ಮಾಡಿದ್ದೆ. ಆದರೆ ಅದನ್ನೇ ಕಾಪಿ ಮಾಡಿ ವಾಟ್ಸ್ಯಾಪ್‌ಗೆ ಹಾಕಿದರೆ ಹೆಚ್ಚಾಗಿ ಶೇಕಡಾ ಚಿಹ್ನೆಗಳ ಉದ್ದ ಸಾಲು ಬರುತ್ತದೆ, ನೋಡಿರಬಹುದು. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ವಿಳಾಸದಲ್ಲಿ ಮೂರು ಅಕ್ಷರ. 'ಮದ್ದಳೆ' ಎಂಬ ಪುಟ್ಟ ಪದದಲ್ಲಿ ಆರು ಸಂಕೇತ ಇದೆ, ವಿಳಾಸದಲ್ಲಿ ಅದು 54 ಅಕ್ಷರ ಆಗುತ್ತದೆ. ಅಜ್ಜಿಯೊಬ್ಬರು ಅದನ್ನು ನೋಡಿ ವೈರಸ್ ಎಂದು ಅಳಿಸಿದರಂತೆ. ಅವರನ್ನು ತಪ್ಪು ಎನ್ನಲಿಕ್ಕಾಗುವುದಿಲ್ಲ.

ಉದ್ದ ಆದರೂ ಪರವಾಗಿಲ್ಲ, ಗಟ್ಟಿಯಾಗಿರಬೇಕು. ಅದೂ ಇರಲಿಲ್ಲ. ಕೆಲವರು 'ಚಂಡೆ' ಎಂದು ಬರೆಯುತ್ತಾರೆ, ಕೆಲವರು 'ಚೆಂಡೆ' ಎಂದು. ಸಂಘದವರು ಎಲ್ಲ ಕಡೆ ಚೆಂಡೆ ಎಂದೇ ಇರಲಿ ಎಂದು ಶೀರ್ಷಿಕೆ ತಿದ್ದಿದರು, ತಿದ್ದಿದ ಕೂಡಲೇ ವಿಳಾಸ ಬದಲಾಯಿತು, ಹಿಂದಿನ ದಿನ ಹಂಚಿದ ಲಿಂಕ್ ಸತ್ತಿತು. ಇನ್ನೊಂದಂತೂ ಕಣ್ಣಿಗೇ ಕಾಣದ್ದು. 'ಭಟ್' ಎಂದು ಕೊನೆಯಾಗುವ ಹೆಸರಿನ ಹಿಂದೆ ಕೆಲವೊಮ್ಮೆ ಒಂದು ಅದೃಶ್ಯ ಸಂಕೇತ ಅಂಟಿಕೊಂಡಿರುತ್ತದೆ. ಒತ್ತಕ್ಷರ ಆಗದಂತೆ ತಡೆಯಲು ನಾವು ಪದದ ನಡುವೆ ಹಾಕುವಂಥದ್ದು, ಕನ್ವರ್ಟರ್ ಅದನ್ನು ಪದದ ಕೊನೆಗೂ ಬಿಟ್ಟಿರುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಒಂದು ಲಿಂಕ್ ತೆರೆಯುತ್ತದೆ, ಥೇಟ್ ಅದೇ ಥರ ಕಾಣುವ ಇನ್ನೊಂದು ತೆರೆಯುವುದಿಲ್ಲ. ಇದನ್ನು ಹಿಡಿಯಲು ನನಗೆ ಒಂದೂವರೆ ದಿನ ಬೇಕಾಯಿತು.

ಈಗ ಪ್ರತಿ ಪುಟಕ್ಕೂ ಒಂದು ಸಂಖ್ಯೆ ಕೊಟ್ಟಿದ್ದೇನೆ. ವಿಳಾಸದಲ್ಲಿ ಸಂಖ್ಯೆ ಮಾತ್ರ. ಶೀರ್ಷಿಕೆಯನ್ನು ಹತ್ತು ಸಲ ತಿದ್ದಿದರೂ ವಿಳಾಸ ಅಲ್ಲಾಡುವುದಿಲ್ಲ. ಹಳೆಯ 412 ವಿಳಾಸಗಳನ್ನು ಒಂದು ಪಟ್ಟಿ ಮಾಡಿ, ಪಕ್ಕದಲ್ಲಿ ಹೊಸ ಸಂಖ್ಯೆ ಬರೆದು, ಸರ್ವರ್‌ಗೆ 301 ಕೊಡಲು ಹೇಳಿದೆ. 404 ಅಂದರೆ ಸಿಗಲಿಲ್ಲ, 301 ಅಂದರೆ ಶಾಶ್ವತವಾಗಿ ಇಲ್ಲಿಗೆ ಬಂದಿದೆ. ಬ್ರೌಸರ್ ತಾನೇ ಹೊಸ ಜಾಗಕ್ಕೆ ಹೋಗುತ್ತದೆ, ಓದುವವರಿಗೆ ಗೊತ್ತೂ ಆಗುವುದಿಲ್ಲ. ಅಲ್ಲೂ ಒಂದು ಸಣ್ಣ ತೊಡಕು ಬಂತು. ಹಳೆಯದು ವಿಂಡೋಸ್ ಸರ್ವರ್, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಅದಕ್ಕೆ ಒಂದೇ. ಹೊಸ ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಸ್ಮರಣ ಸಂಚಿಕೆಗಳಲ್ಲಿ ಅಚ್ಚಾದ ವಿಳಾಸಗಳು ದೊಡ್ಡಕ್ಷರದಲ್ಲಿದ್ದವು. ಅಚ್ಚಾದದ್ದನ್ನು ತಿದ್ದಲಿಕ್ಕಾಗುವುದಿಲ್ಲ ಅಲ್ವಾ? ಸರ್ವರ್ ಎರಡನ್ನೂ ಒಪ್ಪುವಂತೆ ಮಾಡಿದೆ.

71ರಲ್ಲಿ 60 ಪುಟಗಳು ಪೂರ್ತಿ ಸಿಕ್ಕವು. 11ರದ್ದು ವಿಳಾಸ ಮಾತ್ರ ಇದೆ, ಒಳಗೆ ದಾಖಲಾದದ್ದು ಎರರ್ ಪುಟ. ಆ 11 ಹೆಸರುಗಳನ್ನು ಸಂಘದವರಿಗೆ ಬರೆದು ಕೊಟ್ಟೆ. ಒಂದನ್ನು ಕುಂದಾಪುರದ ಒಬ್ಬರು ಹಿಂದೆ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದರು, ಅದನ್ನು ನೋಡಿ ಟೈಪ್ ಮಾಡಿದೆವು. ಹತ್ತು ಇನ್ನೂ ಬಾಕಿ.

ಬ್ರಹ್ಮಾವರದ ಅಮ್ಮನಿಗೆ ಹೊಸ ಲಿಂಕ್ ಕಳಿಸಲಿಲ್ಲ. "ನಿಮ್ಮ ಹಳೆಯ ಮೆಸೇಜಿನಲ್ಲಿ ಇರುವುದನ್ನೇ ಒತ್ತಿ ನೋಡಿ" ಎಂದೆ. ಫೋನ್ ಹಿಡಿದುಕೊಂಡೇ ಒತ್ತಿದರು. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, "ಹಾಂ, ಬಂತು. ಅಪ್ಪ ಕಾಣ್ತಾರೆ" ಎಂದರು.

ಹೋದ ವಾರ ಬಂದರಿನ ಒಬ್ಬ ದಿನಸಿ ಸಗಟು ವ್ಯಾಪಾರಿ ಸೈಟ್ ಹೊಸದು ಮಾಡಿಸಲು ಬಂದಿದ್ದರು. ಬಣ್ಣ, ಚಿತ್ರದ ಮಾತು ಆಮೇಲೆ ಆಡುವ ಎಂದೆ. ಈಗಿನ ವಿಳಾಸ ಎಲ್ಲೆಲ್ಲಿ ಅಚ್ಚಾಗಿದೆ, ಅದನ್ನು ಮೊದಲು ತೋರಿಸಿ ಎಂದು ಕೇಳಿದೆ. ಅವರು ಚೀಲದಿಂದ ಒಂದು ಗೋಡೆ ಕ್ಯಾಲೆಂಡರ್ ತೆಗೆದರು, ಅದರ ಮೂಲೆಯಲ್ಲಿ ಕ್ಯೂಆರ್ ಕೋಡ್. ಬಿಲ್ ಪುಸ್ತಕ ತೆಗೆದರು. ಆ ಬಟ್ಟೆ ಚೀಲದ ಮೇಲೂ ಇತ್ತು. ಸ್ವಲ್ಪ ಯೋಚಿಸಿ, "ಟೆಂಪೊದ ಹಿಂದೆ ಕೂಡ ಬರೆಸಿದ್ದೇನೆ. ಅದು ಈಗ ಕಾಸರಗೋಡಿಗೆ ಹೋಗಿದೆ, ಸಂಜೆ ಬರ್ತದೆ. ಫೋಟೊ ತೆಗೆದು ಕಳಿಸ್ತೇನೆ, ಆಯ್ತಾ?" ಎಂದರು.