ಸೀಟಿನ ಕೆಳಗಿದ್ದ ಗೇಣುದ್ದದ ವೈರು

ಬೆಳಿಗ್ಗೆ ಕೀ ತಿರುಗಿಸಿದೆ. ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಲಿವರ್ ತಳ್ಳಿದರೆ ಗಾಡಿ ಮುಂದೆ ಹೋಗಲಿಲ್ಲ, ಎಳೆದರೆ ಹಿಂದೆ ಬರಲಿಲ್ಲ. ಬಕೆಟ್ ಎತ್ತೋಣ ಅಂತ ಪೆಡಲ್ ಒತ್ತಿದೆ. ಅದು ಕಲ್ಲಿನ ಹಾಗೆ ಕೂತಿತ್ತು.

ಮುಂದೆ ಬಕೆಟ್ ಇಟ್ಟುಕೊಂಡು ಮಣ್ಣು, ಕಸ ಎತ್ತುವ ಪುಟ್ಟ ಗಾಡಿ, ಹಳೆಯ ಸ್ಕಿಡ್ ಸ್ಟೀರ್ ಲೋಡರ್ ಕೊಂಡು ಆಗಿನ್ನೂ ಎಂಟು ದಿನ. ಅವರ್ ಮೀಟರ್ 3,200 ಗಂಟೆ ತೋರಿಸುತ್ತಿತ್ತು. ಹಿಂದಿನ ಸಂಜೆ ಪ್ರೀತಿಯಿಂದ ಪ್ರೆಶರ್ ವಾಷರ್ ಹಿಡಿದು ಒಳಗೂ ಹೊರಗೂ ತೊಳೆದು ನಿಲ್ಲಿಸಿದ್ದೆ. ಆ ಪ್ರೀತಿಯೇ ಮುಳುವಾಯಿತು ಅನ್ನುವುದು ಆಮೇಲೆ ಗೊತ್ತಾಯಿತು.

ನೋಡಲು ಬಂದ ಮೆಕ್ಯಾನಿಕ್ ಎರಡು ನಿಮಿಷ ಶಬ್ದ ಕೇಳಿ, "ಹೈಡ್ರಾಲಿಕ್ ಪಂಪ್ ಹೋಗಿದೆ, ಇಳಿಸಬೇಕು" ಅಂದ. ನನ್ನ ಮುಖ ಇಳಿಯಿತು. ಚಕ್ರ, ಬಕೆಟ್ ಎಲ್ಲ ಆಡುವುದು ಪಂಪ್ ತಳ್ಳುವ ಎಣ್ಣೆಯ ಒತ್ತಡದಿಂದ, ಹಾಗಾಗಿ ಈ ಗಾಡಿಯಲ್ಲಿ ಪಂಪ್ ಅಂದರೆ ಅರ್ಧ ಗಾಡಿಯೇ. ಎಡಗಡೆ ಚಕ್ರಗಳಿಗೆ ಒಂದು, ಬಲಗಡೆಗೆ ಒಂದು, ಬಕೆಟ್ಟಿಗೆ ಇನ್ನೊಂದು. ನನ್ನದರಲ್ಲಿ ಮೂರೂ ಸಾಲಾಗಿ ಒಂದೇ ಶಾಫ್ಟಿನಲ್ಲಿ ತಿರುಗುತ್ತವೆ. ಸ್ಟೀರಿಂಗ್ ಇಲ್ಲ. ಒಂದು ಪಕ್ಕದ ಚಕ್ರ ಜೋರಾಗಿ, ಇನ್ನೊಂದು ಪಕ್ಕದ್ದು ನಿಧಾನವಾಗಿ ತಿರುಗಿದರೆ ಗಾಡಿ ನೆಲ ಉಜ್ಜಿಕೊಂಡು ತಿರುಗುತ್ತದೆ. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಸಹೋದರರು ಟರ್ಕಿ ಕೋಳಿಗಳ ಶೆಡ್ ಗುಡಿಸಲು ಮಾಡಿಕೊಟ್ಟ ಮೂರು ಚಕ್ರದ ಗಾಡಿಯಿಂದ ಇದರ ವಂಶ ಶುರು. ಇಕ್ಕಟ್ಟಿನ ಜಾಗದಲ್ಲಿ ನಿಂತಲ್ಲೇ ತಿರುಗಲಿ ಅನ್ನುವುದೇ ಅದರ ಉದ್ದೇಶ.

ಮೆಕ್ಯಾನಿಕ್ ಸ್ಪ್ಯಾನರ್ ತರಲು ಹೋದಾಗ, ಇದೇ ತರದ ಗಾಡಿ ಹತ್ತಾರು ವರ್ಷ ಓಡಿಸಿದ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. "ಅಣ್ಣ, ಪಂಪ್ ಹೋಗಿದೆಯಂತೆ" ಅಂದೆ.

"ನಿನ್ನೆ ಸಂಜೆ ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಮೂರೂ ಪಂಪು ಮಾತಾಡಿಕೊಂಡು ಒಂದೇ ರಾತ್ರಿ ಸತ್ತವಾ? ಪೆಡಲ್ ಸಡಿಲ ಇದೆಯಾ, ಬಿಗಿ ಇದೆಯಾ ಹೇಳು."

"ಬಿಗಿ."

"ಹಂಗಾದ್ರೆ ಗಾಡಿ ಕೆಟ್ಟಿಲ್ಲ ಕಣೋ, ಬೀಗ ಹಾಕಿಕೊಂಡಿದೆ. ಸೀಟಿನ ಕೆಳಗೆ ನೋಡು."

ಹೌದಲ್ವಾ! ಪಂಪ್ ಹೋಗಿದ್ದರೆ ಪೆಡಲ್ ಸುಮ್ನೆ ಆಡಬೇಕಿತ್ತು, ಬಕೆಟ್ ಮಾತ್ರ ಏಳಬಾರದಿತ್ತು. ಡ್ರೈವರ್ ಸೀಟಿನಲ್ಲಿದ್ದಾನೆ, ಎದುರಿನ ಸೇಫ್ಟಿ ಬಾರ್ ಕೆಳಗಿದೆ ಅಂತ ಎರಡು ಸ್ವಿಚ್ಚುಗಳು ಒಪ್ಪಿಕೊಂಡರಷ್ಟೇ ನನ್ನ ಗಾಡಿಯ ಬ್ರೇಕು ಬಿಡುತ್ತದೆ, ಪೆಡಲ್ಲಿನ ಲಾಕ್ ತೆರೆಯುತ್ತದೆ. ದಿನಾ ಬಾರ್ ಇಳಿಸಿದಾಗ 'ಟಿಕ್' ಅಂತ ಒಂದು ಸಣ್ಣ ಸದ್ದು ಬರುತ್ತಿತ್ತು. ಅವತ್ತು ಆ ಸದ್ದೇ ಇರಲಿಲ್ಲ. ಇಂಜಿನ್ ಗಲಾಟೆಯಲ್ಲಿ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸೀಟ್ ಎತ್ತಿದೆ. ಸ್ವಿಚ್ಚಿಗೆ ಹೋಗುವ ಕನೆಕ್ಟರ್ ಕಳಚಿ ಬಿದ್ದಿತ್ತು. ಅದರ ಎರಡು ಪಿನ್ನುಗಳಿಗೆ ಯಾರೋ ಗೇಣುದ್ದದ ವೈರು ಸುತ್ತಿ, ಮೇಲೆ ಟೇಪು ಅಂಟಿಸಿದ್ದರು. ಸೀಟಿನಲ್ಲಿ ಜನ ಇರಲಿ ಬಿಡಲಿ, ಇದ್ದಾರೆ ಅಂತಲೇ ಗಾಡಿಗೆ ಸುಳ್ಳು ಹೇಳುವ ವೈರು! ನಾನು ಬಿಟ್ಟ ನೀರಿನ ರಭಸಕ್ಕೆ ಟೇಪು ಎದ್ದು, ವೈರಿನ ಒಂದು ತುದಿ ಬಿಟ್ಟುಕೊಂಡಿತ್ತು. ಅಷ್ಟೇ.

ಮೆಕ್ಯಾನಿಕ್ ವಾಪಸ್ ಬಂದವನು, "ಅದನ್ನೇ ಮತ್ತೆ ಸುತ್ತಿಬಿಡಿ, ಐದು ನಿಮಿಷ" ಅಂದ. ನನಗೆ ರೇಗಿತು. ಈ ಗಾಡಿಗೆ ಹತ್ತುವುದು ಇಳಿಯುವುದು ಎರಡೂ ಮುಂದಿನಿಂದ, ಬಕೆಟ್ ಇರುವ ಕಡೆಯಿಂದಲೇ. ಆ ಸ್ವಿಚ್ಚಿಗೆ ಮೋಸ ಮಾಡಿದರೆ, ಇಳಿಯುವಾಗ ಕಾಲು ಪೆಡಲ್ಲಿಗೆ ತಾಗಿದರೂ ಸಾಕು, ಬಕೆಟ್ ಹಿಡಿದು ಮೇಲೆದ್ದಿರುವ ತೋಳು ಮೈಮೇಲೇ ಬರಬಹುದು. ಮಲ್ಟಿಮೀಟರ್ ಹಿಡಿದು ನೋಡಿದರೆ ಸ್ವಿಚ್ ಸರಿಯಾಗಿಯೇ ಇತ್ತು. ಸೀಟ್ ಒತ್ತಿದಾಗ ಬೀಪ್, ಬಿಟ್ಟರೆ ಮೌನ. ಕನೆಕ್ಟರಿನ ಪಿನ್ನುಗಳಿಗೆ ಮಾತ್ರ ಹಸಿರು ಕಿಲುಬು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಣ್ಣ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ ಸಿಕ್ಕಿಸಿದೆ. ಬಾರ್ ಇಳಿಸಿದೆ. ಟಿಕ್!

ಹಳೆಯ ಮಾಲೀಕರಿಗೆ ಫೋನ್ ಮಾಡಿ ಕೇಳಿದರೆ, "ಓ, ಅದಾ? ಅರ್ಜೆಂಟ್ ಕೆಲಸ ಇತ್ತು ಅಂತ ಒಂದು ದಿನದ ಮಟ್ಟಿಗೆ ಹಾಕಿದ್ದೆ" ಅಂದರು. ಯಾವಾಗ ಅಂದೆ. "ಎರಡು ವರ್ಷ ಆಯ್ತೇನೋ."

ಕೆಲಸ ಶುರುವಾಯಿತು. ಮುಕ್ಕಾಲು ಗಂಟೆಯೂ ಆಗಿಲ್ಲ, ಹೈಡ್ರಾಲಿಕ್ ಎಣ್ಣೆ ಬಿಸಿಯಾಗಿದೆ ಅಂತ ಕೆಂಪು ದೀಪ. ಈ ಸಲ ಪಂಪಿನ ಮಾತು ಯಾರೂ ಎತ್ತಲಿಲ್ಲ. ಎಣ್ಣೆ ಮಟ್ಟ ಸರಿ ಇತ್ತು. ನೊರೆ ಇರಲಿಲ್ಲ, ಅಂದರೆ ಗಾಳಿ ಎಳೆಯುತ್ತಿಲ್ಲ. ಹಾಲಿನ ಹಾಗೆ ಬೆಳ್ಳಗಾಗಿರಲಿಲ್ಲ, ಅಂದರೆ ನೀರು ಸೇರಿಲ್ಲ. ಹಿಂದಿನ ಬಾಗಿಲು ತೆಗೆದೆ. ಹೊರಗಿನಿಂದ, ಎಣ್ಣೆ ತಂಪು ಮಾಡುವ ಕೂಲರ್ ಥಳಥಳ ಹೊಳೆಯುತ್ತಿತ್ತು. ನಾನೇ ತೊಳೆದದ್ದಲ್ವಾ! ಆದರೆ ನನ್ನ ಗಾಡಿಯಲ್ಲಿ ಆಯಿಲ್ ಕೂಲರಿನ ಬೆನ್ನಿಗೇ ರೇಡಿಯೇಟರ್ ಇದೆ. ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟರೆ ಕಂಬಳಿ ಹೊದಿಸಿದ ಹಾಗೆ ಧೂಳು, ಹೊಟ್ಟು, ಒಣಹುಲ್ಲು. ಮೇಲಿನಿಂದ ಬಿಟ್ಟ ನೀರು ಅದನ್ನು ಇನ್ನಷ್ಟು ಒಳಗೆ ಒತ್ತಿ ಗಟ್ಟಿ ಮಾಡಿತ್ತು.

ಫ್ಯಾನ್ ಯಾವ ಕಡೆಗೆ ಗಾಳಿ ತಳ್ಳುತ್ತದೆ ಅಂತ ಮೊದಲು ನೋಡಿಕೊಂಡೆ. ಅದಕ್ಕೆ ಎದುರಾಗಿ, ದೂರದಿಂದ ಕಂಪ್ರೆಸರ್ ಗಾಳಿ ಬಿಡಬೇಕು. ಹತ್ತಿರದಿಂದ ಬಿಟ್ಟರೆ ತೆಳ್ಳನೆಯ ಫಿನ್ನುಗಳು ಮಡಚಿಕೊಳ್ಳುತ್ತವೆ. ಎರಡು ಗಂಟೆ ಹಿಡಿಯಿತು. ಅರ್ಧ ಬಕೆಟ್ ಕಸ ಬಂತು.

ಆ ಕಸ ಎಣ್ಣೆಯಲ್ಲಿ ನೆನೆದಿತ್ತು. ಅಂದರೆ ಎಲ್ಲೋ ಸೋರುತ್ತಿದೆ. ಇಂಜಿನ್ ಓಡುತ್ತಿರುವಾಗಲೇ ಹೋಸ್ ಸವರಿ ನೋಡಲು ಕೈ ಚಾಚಿದ್ದೆ, ಮೆಕ್ಯಾನಿಕ್ ರಪ್ಪನೆ ಹೊಡೆದು ಸರಿಸಿದ. ಪಂಪಿನ ವಿಷಯದಲ್ಲಿ ತಪ್ಪಿದ್ದ ಅವನ ಮೇಲಿದ್ದ ಕೋಪವೆಲ್ಲ ಆಗಲೇ ಇಳಿಯಿತು. ಒತ್ತಡವನ್ನು 'ಬಾರ್' ಅನ್ನುವ ಅಳತೆಯಲ್ಲಿ ಹೇಳಿದರೆ, ಕಾರಿನ ಟೈರಿನಲ್ಲಿ ಇರುವುದು 2 ಬಾರ್ ಚಿಲ್ಲರೆ. ಇಲ್ಲಿ 200 ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಬಂದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕೆಯಷ್ಟೇ ಕಾಣುತ್ತದೆ, ಆದರೆ ಆಪರೇಷನ್‌ಗೇ ಓಡಬೇಕು. ರಟ್ಟಿನ ತುಂಡು ಹಿಡಿದು ನೋಡಿದೆವು. ಒಂದು ಜಾಯಿಂಟಿನ ಬಳಿ ಒದ್ದೆಯಾಯಿತು. ಇಂಜಿನ್ ನಿಲ್ಲಿಸಿ, ತೋಳು ನೆಲಕ್ಕಿಳಿಸಿ, ಒತ್ತಡ ಬಿಟ್ಟು ಬಿಚ್ಚಿದರೆ, ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿತ್ತು. ಹೊಸದು ಹಾಕಿದೆವು. ತೋಳು, ಬಕೆಟ್ಟಿನ ಕೀಲುಗಳ ಪಿನ್ನುಗಳಿಗೆಲ್ಲ ಗ್ರೀಸ್ ಹೊಡೆದದ್ದೂ ಆ ಬಿಡುವಿನಲ್ಲೇ.

ಸಂಜೆ ಒಂದೂವರೆ ಗಂಟೆ ಓಡಿಸಿದೆ. ಕೆಂಪು ದೀಪ ಬರಲಿಲ್ಲ. ನಿಲ್ಲಿಸಲು ತರುವಾಗ ಬಲಗಡೆಯಿಂದ 'ಟಕ್, ಟಕ್' ಅಂತ ಕೇಳಿಸಿತು. ಇಳಿದು ನೋಡಿದರೆ ಆ ಪಕ್ಕದ ಮುಂದಿನ ಟೈರು ಹೊಸದು, ಹಿಂದಿನದು ಬೋಳು. ಟೇಪು ಸುತ್ತಿ ಅಳೆದೆ, ಸುತ್ತಳತೆಯಲ್ಲಿ 6 ಸೆಂಟಿಮೀಟರ್ ವ್ಯತ್ಯಾಸ. ಎರಡನ್ನೂ ತಿರುಗಿಸುವುದು ಒಂದೇ ಮೋಟಾರು, ಚೈನುಗಳ ಮೂಲಕ. ಟೈರು ಒಂದೊಂದು ಅಳತೆಯದಾದರೆ ಆ ಎಳೆದಾಟವೆಲ್ಲ ಚೈನಿಗೇ. ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಚೈನ್ ಪೆಟ್ಟಿಗೆ ನಾಳೆ ತೆರೆಯೋಣ ಅಂತ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಜೇಬಿನಲ್ಲಿ ಆ ಗೇಣುದ್ದದ ವೈರು ಇನ್ನೂ ಇತ್ತು.